ನಾಲ್ಕು ವಾರದ ಕೋರ್ಸು

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕು ಎನ್ನುವುದು ಶ್ರೀರಾಮಪ್ಪನವರ ಕಟ್ಟಳೆ. ಟೆಲಿಫೋನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮೇಲೆ, ಲಿಂಗರಾಜಪುರದ ಆ ಮೊದಲ ಮಹಡಿಯ ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದುದು ಇದೊಂದು ವಿಷಯದಲ್ಲಿ ಮಾತ್ರ. ಬೆಳಿಗ್ಗೆ ಬುದ್ಧವಿಹಾರಕ್ಕೆ ಹೋಗಿ ಬಂದು, ಅದೇ ಬಿಳಿ ಅಂಗಿಯಲ್ಲಿ ತಟ್ಟೆಯ ಮುಂದೆ ಕೂತಿದ್ದರು. ಮುದ್ದೆ, ಮಟನ್ ಸಾರು. ಸೊಸೆ ಮೋನಿಷಾ ಬಡಿಸುತ್ತಿದ್ದಳು. ಮಗ ಸುಗತ ತನ್ನ ನಾಲ್ಕು ವರ್ಷದ ಮಗ ಸೂರ್ಯನಿಗೆ ಮೂಳೆಯಿಂದ ಮಾಂಸ ಬಿಡಿಸಿ ಕೊಡುತ್ತಿದ್ದ. ಮಗಳು ಸಂಘಮಿತ್ರಾ ತಾಯಿಯ ತಟ್ಟೆಯನ್ನು ಒಳಕೋಣೆಗೆ ಕೊಟ್ಟು ಬಂದು ಕೊನೆಯಲ್ಲಿ ಕೂತಳು.

"ಅಪ್ಪ, ಬೇಸಿಗೆ ರಜದಲ್ಲಿ ನಾನೊಂದು ಕೋರ್ಸ್ ಮಾಡ್ತೀನಿ" ಎಂದಳು.

"ಇನ್ನೂ ಎಂಥ ಕೋರ್ಸಮ್ಮ? ಎಂ.ಎ. ಆಯ್ತು, ಬಿ.ಎಡ್. ಆಯ್ತು. ಹತ್ತು ವರ್ಷದಿಂದ ಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತಾನೇ ಇದ್ದೀಯ."

"ಅದು ನಮ್ಮ ಮಕ್ಕಳಿಗೆ. ಇದು ಬೇರೆ ದೇಶದೋರಿಗೆ ಕಲಿಸೋದು. ಅವರಿಗೆ ಇಂಗ್ಲಿಷ್ ಬರಲ್ಲ, ಅವರ ಭಾಷೆ ನಮಗೆ ಬರಲ್ಲ, ಆದ್ರೂ ಕಲಿಸ್ಬೇಕು. ಅದಕ್ಕೇ ಬೇರೆ ಕ್ವಾಲಿಫಿಕೇಶನ್ನು. ಸೆಲ್ಟಾ ಅಂತಾರೆ. ಇಂದಿರಾನಗರದಲ್ಲಿ ನಡೆಯುತ್ತೆ, ನಾಲ್ಕು ವಾರ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ."

"ಮಾಡಿ ಏನ್ ಮಾಡ್ತೀಯ?"

"ಖುರ್ಷೀದಾ ಗೊತ್ತಲ್ಲ, ನನ್ನ ಜೊತೆ ಸ್ಕೂಲಲ್ಲಿದ್ದೋಳು? ಮಸ್ಕತ್‌ನಲ್ಲಿದ್ದಾಳೆ ಈಗ. ಅವಳ ಕಾಲೇಜಲ್ಲಿ ಆಗಸ್ಟ್‌ಗೆ ಒಂದು ಜಾಗ ಇದೆಯಂತೆ."

ಮೋನಿಷಾಳ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು. ಶ್ರೀರಾಮಪ್ಪ ಮುದ್ದೆ ಮುರಿಯುವುದನ್ನು ಬಿಟ್ಟು ಮಗಳನ್ನು ನೋಡಿದರು. ಸುಗತ ಎಡಗೈಯಲ್ಲಿ ಫೋನ್ ತೆಗೆದ. ಅವನು ಬೈಯಪ್ಪನಹಳ್ಳಿಯ ಮೆಟ್ರೋ ಡಿಪೋದಲ್ಲಿ ಟೆಕ್ನೀಷಿಯನ್. ಯಾವ ತೊಂದರೆಯನ್ನೂ ಅಲ್ಲೇ ಬಿಚ್ಚಿ ಸರಿಮಾಡಿಬಿಡಬೇಕು ಎನ್ನುವ ಸ್ವಭಾವ.

"ಅಕ್ಕ, ಇದು ಆನ್‌ಲೈನಲ್ಲೂ ಇದೆ ನೋಡು. ನೂರಿಪ್ಪತ್ತು ಗಂಟೆಯಂತೆ. ನೀನು ಹೇಳಿದ್ದು ಎಷ್ಟು ಗಂಟೆ?"

"ಅದೂ ನೂರಿಪ್ಪತ್ತೇ."

"ಮತ್ತೆ? ಅದೂ ಅಷ್ಟೇ ಗಂಟೆ, ಇದೂ ಅಷ್ಟೇ ಗಂಟೆ. ಮನೇಲೇ ಕೂತು ಮಾಡ್ಬಹುದಲ್ಲ, ಯಾಕೆ ಒದ್ದಾಡ್ತೀಯ?"

"ಗಂಟೆ ಒಂದೇ ಇರಬಹುದು ಕಣೋ. ಅದರಲ್ಲಿ ವಿಡಿಯೋ ನೋಡ್ತೀವಿ. ಇದರಲ್ಲಿ ನಿಜವಾದ ಸ್ಟೂಡೆಂಟ್ಸ್ ಮುಂದೆ ನಿಂತು ಪಾಠ ಮಾಡ್ಬೇಕು, ಹಿಂದೆ ಕೂತು ನೋಡಿ ತಪ್ಪು ಹೇಳ್ತಾರೆ."

"ಹತ್ತು ವರ್ಷ ಪಾಠ ಮಾಡಿದೋಳಿಗೆ ಇನ್ಯಾರು ತಪ್ಪು ಹೇಳ್ಬೇಕು?" ಎಂದರು ಶ್ರೀರಾಮಪ್ಪ.

ಒಳಕೋಣೆಯಿಂದ ತಾಯಿ ಪಿಳ್ಳಮ್ಮನ ದನಿ ಬಂತು. "ಮಿತ್ರಾ, ಒಂಚೂರು ಮಜ್ಜಿಗೆ ತಾರೇ."

ಪರದೆಯ ಆಚೆಗೆ ಎಲ್ಲ ಕೇಳಿಸಿತ್ತು. ಪಿಳ್ಳಮ್ಮ ಮಜ್ಜಿಗೆ ಕುಡಿದು ಲೋಟ ಕೊಡುತ್ತ, "ಕಾಲು ಈಗ್ಲೇ ನೋಡ್ಬಿಡು. ಆಮೇಲೆ ನಿಂಗೆ ಕೆಲ್ಸ ಇರುತ್ತೆ" ಎಂದು ಬಲಗಾಲನ್ನು ಸ್ಟೂಲಿನ ಮೇಲೆ ಇಟ್ಟರು.

ಹಿಂದಿನ ವರ್ಷ ಸಕ್ಕರೆ ಕಾಯಿಲೆ ಆ ಕಾಲಿನ ಎರಡು ಬೆರಳನ್ನು ತೆಗೆದುಕೊಂಡಿತ್ತು. ಗಾಯ ಮುಚ್ಚುತ್ತ ಬಂದಿದ್ದರೂ ಪೂರ್ತಿ ಮುಚ್ಚಿರಲಿಲ್ಲ. ದಿನಾ ತೊಳೆದು, ಮುಲಾಮು ಹಚ್ಚಿ, ಬ್ಯಾಂಡೇಜು ಸುತ್ತಬೇಕು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಒಂದು ದಿನ ಮೋನಿಷಾ ಬ್ಯಾಂಡೇಜು ಬಿಚ್ಚಿದ್ದಳು. ವಾಸನೆಗೆ ಓಕರಿಕೆ ಬಂದು ಮುಖ ತಿರುಗಿಸಿಬಿಟ್ಟಳು. ಬೇಕೆಂದು ಮಾಡಿದ್ದಲ್ಲ. ಪಿಳ್ಳಮ್ಮ ಮಾರನೆಯ ದಿನದಿಂದ ಮಗಳು ಸ್ಕೂಲಿಂದ ಬರುವವರೆಗೆ ಕಾಲು ಮುಟ್ಟಲು ಯಾರಿಗೂ ಬಿಡಲಿಲ್ಲ.

ಮಾರ್ಚ್ ಮೊದಲ ವಾರ ಸಂಘಮಿತ್ರಾಳ ಹುಟ್ಟುಹಬ್ಬ ಬಂತು. ಮೂವತ್ನಾಲ್ಕು ತುಂಬಿತು. ಮದುವೆಯ ಮಾತು ಆಡುವುದನ್ನು ನೆಂಟರು ಬಿಟ್ಟಿದ್ದರು. ಸುಗತ ಬೇಕರಿಯಿಂದ ಕೇಕ್ ತಂದ. ಸೂರ್ಯ ಮೇಣದಬತ್ತಿಯನ್ನು ತಾನೇ ಊದಿಬಿಟ್ಟ. ಎಲ್ಲರ ಬಾಯಿಗೂ ಕೇಕ್ ಹೋದ ಮೇಲೆ ಸುಗತ ಫೋನನ್ನು ಅಕ್ಕನ ಮುಂದೆ ಹಿಡಿದ.

"ಸರ್‌ಪ್ರೈಸು. ಆ ಆನ್‌ಲೈನ್ ಕೋರ್ಸಿಗೆ ನಿನ್ನ ಹೆಸರಲ್ಲಿ ದುಡ್ಡು ಕಟ್ಟಿಬಿಟ್ಟೆ. ಈಗ್ಲೇ ಶುರು ಮಾಡ್ಬಹುದು."

ಸಂಘಮಿತ್ರಾ ಫೋನನ್ನೇ ನೋಡಿದಳು. "ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲೋ."

"ಕೇಳಿದ್ರೆ ಬೇಡ ಅಂತಿದ್ದೆ. ಇಬ್ಬರಿಗೆ ಒಂದೇ ದುಡ್ಡು ಅಂತ ಆಫರ್ ಇತ್ತು. ಇನ್ನೊಂದು ಮೋನಿ ಹೆಸರಿಗೆ ಹಾಕ್ದೆ. ಸುಮ್ನೆ ಯಾಕೆ ವೇಸ್ಟ್ ಮಾಡೋದು?"

"ನೋಡು, ತಮ್ಮ ಅಂದ್ರೆ ಹೀಗಿರ್ಬೇಕು" ಎಂದು ಶ್ರೀರಾಮಪ್ಪ ಮಗನ ಬೆನ್ನು ತಟ್ಟಿದರು. ಪಿಳ್ಳಮ್ಮ ಒಳಗಿನಿಂದಲೇ, "ಮನೇಲೇ ಮಾಡೋದಲ್ವಾ? ಒಳ್ಳೇದಾಯ್ತು ಬಿಡು" ಎಂದರು. ಆ ಸಂತೋಷದ ನಡುವೆ ಬೇಡ ಎನ್ನಲು ಸಂಘಮಿತ್ರಾಳಿಗೆ ಬಾಯಿ ಬರಲಿಲ್ಲ. ತಮ್ಮನಿಗೆ ಥ್ಯಾಂಕ್ಸ್ ಹೇಳಿದಳು.

ಅವಳು ಪಾಠಗಳನ್ನು ನೋಡುತ್ತಿದ್ದುದು ಅಡುಗೆಮನೆಯಲ್ಲಿ. ತಾಯಿಯ ಕಾಲಿನ ಕೆಲಸ ಮುಗಿಸಿ, ಫೋನನ್ನು ಬೇಳೆ ಡಬ್ಬಕ್ಕೆ ಒರಗಿಸಿ, ಚಪಾತಿ ಲಟ್ಟಿಸುತ್ತ ನೋಡುವಳು. ಮೋನಿಷಾ ಬೇಯಿಸುತ್ತ ಕೇಳುವಳು. ವಿಡಿಯೋದಲ್ಲಿ ಒಬ್ಬ ಬಿಳಿಯ ತಾನೊಬ್ಬನೇ ನಿಂತು ಇಲ್ಲದ ವಿದ್ಯಾರ್ಥಿಗಳನ್ನು ನೋಡಿ ನಗುತ್ತಿದ್ದ. ಪಾಠ ಮುಗಿದ ಮೇಲೆ ಪ್ರಶ್ನೆಗಳು. ನಾಲ್ಕು ಉತ್ತರದಲ್ಲಿ ಸರಿಯಾದ್ದಕ್ಕೆ ಬೆರಳು ಒತ್ತಬೇಕು.

"ಬಿ" ಎಂದಳು ಮೋನಿಷಾ ತವೆಯಿಂದ ಮುಖ ಎತ್ತದೆ.

"ಹೇಗೆ ಗೊತ್ತು?"

"ಅಕ್ಕ, ನಾನು ಕಾಲ್ ಸೆಂಟರಲ್ಲಿ ವಾಯ್ಸ್ ಟ್ರೇನರ್ ಆಗಿದ್ದೆ, ಮರ್ತೋಯ್ತಾ? ಅಮೆರಿಕದೋರ ಹತ್ರ ಬೈಸಿಕೊಳ್ಳೋದು ಹೇಗೆ ಅಂತ ಹುಡುಗರಿಗೆ ಹೇಳ್ಕೊಡ್ತಿದ್ದೆ." ಅವಳು ಹಲಸೂರಿನಲ್ಲಿ ಬೆಳೆದವಳು. ಮನೆಯಲ್ಲಿ ತಮಿಳು, ಕಾನ್ವೆಂಟಿನಲ್ಲಿ ಇಂಗ್ಲಿಷು, ಮದುವೆಯಾದ ಮೇಲೆ ಕನ್ನಡ. ಸೂರ್ಯ ಹುಟ್ಟಿದಾಗ ಕೆಲಸ ಬಿಟ್ಟಿದ್ದಳು.

ವಿಡಿಯೋದವನು, "ನಾವೀಗ ವಿಮಾನ ನಿಲ್ದಾಣದಲ್ಲಿದ್ದೇವೆ ಎಂದುಕೊಳ್ಳೋಣ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಮೋನಿಷಾ ಅವಳ ಕೈಯ ಲಟ್ಟಣಿಗೆಯನ್ನು ಕಸಿದು ಮೈಕಿನಂತೆ ಹಿಡಿದು ಮಸ್ಕತ್ ವಿಮಾನ ಹೊರಡುತ್ತಿದೆ ಎಂದು ಮೂಗಿನಲ್ಲಿ ಘೋಷಿಸಿದಳು. ಸಂಘಮಿತ್ರಾ ನಕ್ಕಳು. ಆ ಮನೆಯಲ್ಲಿ ಇಬ್ಬರೂ ಸೇರಿ ಅಷ್ಟು ನಕ್ಕದ್ದು ಅದೇ ಮೊದಲಿರಬೇಕು. "ಏನ್ರೇ ಅದು ನಗು?" ಎಂದು ಪಿಳ್ಳಮ್ಮ ಒಳಗಿನಿಂದ ಕೇಳಿದರು. ಏನಿಲ್ಲ ಅಮ್ಮ ಎಂದಳು ಮಗಳು.

ಖುರ್ಷೀದಾ ತನ್ನ ತಾಯಿಯನ್ನು ನೋಡಲು ರಜೆ ಹಾಕಿ ಬಂದಿದ್ದಳು. ಶನಿವಾರ ಇಬ್ಬರೂ ರಸೆಲ್ ಮಾರುಕಟ್ಟೆಯಲ್ಲಿ ಸೇರಿದರು. ಖುರ್ಷೀದಾ ಸೀಬೆಹಣ್ಣು ಆರಿಸುತ್ತ, ವ್ಯಾಪಾರಿಯ ಜೊತೆ ಉರ್ದುವಿನಲ್ಲಿ ಜಗಳವಾಡುತ್ತ, ನಡುನಡುವೆ ಗೆಳತಿಯನ್ನೂ ವಿಚಾರಿಸಿಕೊಂಡಳು.

"ಆನ್‌ಲೈನಾ? ಅರೆ, ಯಾಕೆ ಮಾಡ್ದೆ ಅದು?"

"ನಾನು ಮಾಡ್ಲಿಲ್ಲ. ಮನೇಲಿ ದುಡ್ಡು ಕಟ್ಟಿಬಿಟ್ಟಿದ್ರು."

"ಸುನ್ ಮಿತ್ರಾ, ನಮ್ಮ ಕಾಲೇಜಲ್ಲಿ ಕೇಳೋ ಮೊದಲ್ನೇ ಕ್ವೆಶ್ಚನ್ನೇ ಅದು. ನಿನ್ನ ಪಾಠ ಎಷ್ಟು ಗಂಟೆ ಕೂತ್ಕೊಂಡು ನೋಡಿದ್ದಾರೆ ಅಂತ. ಆರು ಗಂಟೆಯಾದ್ರೂ ಇರ್ಬೇಕು. ಸೆಲ್ಟಾಲಿ ಅಷ್ಟಿರುತ್ತೆ. ಆನ್‌ಲೈನಲ್ಲಿ ಎಷ್ಟು? ಜೀರೋ. ಮನೇಲಿ ಕೂತು ಮಕ್ಕಳಿಗೆ ಕಂಪ್ಯೂಟರ್‌ನಲ್ಲಿ ಪಾಠ ಹೇಳೋಕಾದ್ರೆ ಅದು ಸಾಕು. ನಿಂಗೆ ಮನೇಲಿ ಕೂರ್ಬೇಕಾ?"

ಸಂಘಮಿತ್ರಾ ಚೀಲದ ಬಾಯಿ ಅಗಲಿಸಿ ಹಣ್ಣು ಹಾಕಿಸಿಕೊಂಡಳು.

"ಸುಲಭ ಇಲ್ಲ, ಮೊದ್ಲೇ ಹೇಳಿರ್ತೀನಿ" ಎಂದಳು ಖುರ್ಷೀದಾ. "ನಾನು ಎರಡನೇ ವಾರ ಬಾತ್‌ರೂಮಲ್ಲಿ ಕೂತು ಅತ್ತಿದ್ದೀನಿ. ಒಂದು ದಿನ ತಪ್ಪಿಸ್ಕೊಂಡ್ರೂ ಕಷ್ಟ. ಆದ್ರೆ ಈಗ ಅಪ್ಲೈ ಮಾಡಿದ್ರೆ ರಜಕ್ಕೆ ಸರಿಹೋಗುತ್ತೆ. ಬಿಟ್ರೆ ಇನ್ನು ಮುಂದಿನ ವರ್ಷದ ರಜ. ಆಗ ಜಾಗ ಇರುತ್ತೋ ಇಲ್ವೋ."

ಮಾರುಕಟ್ಟೆಯಿಂದ ಸೊಪ್ಪು, ಮೀನು ಹೊತ್ತುಕೊಂಡು ಮನೆಗೆ ಬರುವಾಗ ಬಸ್ಸಿನಲ್ಲೇ ಸಂಘಮಿತ್ರಾ ಅರ್ಜಿ ತುಂಬಿದಳು.

ಸಂದರ್ಶನ ಮಾಡಿದವರು ಸುಜಾತಾ ಎಂಬ ನರೆಗೂದಲಿನ ಟ್ಯೂಟರ್. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದರು. ಐ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್. ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್. ವ್ಯತ್ಯಾಸವೇನು ಎಂದು ಕೇಳಿದರು. ಸಂಘಮಿತ್ರಾ ಕಾಲಗಳ ಹೆಸರು ಹೇಳಿ ನಿಯಮಗಳನ್ನು ಒಪ್ಪಿಸಿದಳು.

"ಆ ಹೆಸರುಗಳು ನನಗೆ ಗೊತ್ತು" ಎಂದರು ಸುಜಾತಾ. "ನಿಮ್ಮ ಮುಂದೆ ಒಬ್ಬಳು ಕೊರಿಯಾ ಹೆಂಗಸು ಕೂತಿದ್ದಾಳೆ. ಅವಳಿಗೆ ಹೇಗೆ ಹೇಳ್ತೀರಿ?"

ಸಂಘಮಿತ್ರಾ ಎದ್ದು ಬೋರ್ಡಿನ ಮೇಲೆ ಒಂದು ಮನೆ ಬರೆದಳು. ಮೊದಲನೆಯ ವಾಕ್ಯಕ್ಕೆ ಬ್ಯಾಗು ಹಿಡಿದು ಹೊರಗೆ ಹೋಗುತ್ತಿರುವ ಹೆಂಗಸಿನ ಚಿತ್ರ. ಎರಡನೆಯದಕ್ಕೆ ಕಿಟಕಿಯೊಳಗೆ ನಿಂತ ಹೆಂಗಸು. "ಇವಳು ಹತ್ತು ವರ್ಷ ಇದ್ದು ಹೋದಳು. ಇವಳು ಇನ್ನೂ ಒಳಗೇ ಇದ್ದಾಳೆ."

ಸುಜಾತಾ ನಕ್ಕರು. "ನಾಲ್ಕು ವಾರವೂ ಬೇರೆ ಯಾವ ಜವಾಬ್ದಾರಿಯೂ ಇರಬಾರದು. ಮನೆಯಲ್ಲಿ ಏನೂ ತೊಂದರೆ ಇಲ್ಲ ತಾನೇ?"

"ಇಲ್ಲ ಮೇಡಂ" ಎಂದಳು ಸಂಘಮಿತ್ರಾ.

ಸೀಟು ಸಿಕ್ಕಿದ ಸುದ್ದಿಯನ್ನು ಮನೆಯಲ್ಲಿ ಹೇಳಿದ್ದು ಬುಧವಾರ, ಸಂಜೆಯ ಕಾಫಿಯ ಹೊತ್ತಿನಲ್ಲಿ. ಅವಳು ಮಾತು ಮುಗಿಸುವ ಮೊದಲೇ ಮೋನಿಷಾ ಕಾಫಿ ಲೋಟ ಕೆಳಗಿಟ್ಟಳು.

"ಅಕ್ಕ, ನಾನೂ ಒಂದು ವಿಷಯ ಹೇಳ್ಬೇಕಿತ್ತು. ನಂಗೆ ಕೆಲಸ ಸಿಕ್ಕಿದೆ."

"ಯಾವ ಕೆಲಸ?" ಸುಗತನಿಗೂ ಗೊತ್ತಿರಲಿಲ್ಲ.

"ಆನ್‌ಲೈನಲ್ಲಿ. ವಿಯೆಟ್ನಾಂ ಮಕ್ಕಳಿಗೆ ಇಂಗ್ಲಿಷ್. ನೀವು ಕಟ್ಟಿದ್ರಲ್ಲ ಕೋರ್ಸು, ನಾನು ಅದನ್ನ ಮುಗಿಸಿಬಿಟ್ಟೆ. ಡೆಮೋ ಕೊಟ್ಟೆ, ತಗೊಂಡ್ರು. ಏಪ್ರಿಲ್‌ನಿಂದ ದಿನಾ ನಾಲ್ಕರಿಂದ ಎಂಟು. ರೂಮಿನ ಬಾಗ್ಲು ಹಾಕ್ಕೊಂಡಿರ್ಬೇಕು, ಒಂದು ಸದ್ದೂ ಬರ್ಬಾರ್ದು."

"ಸೂರ್ಯನ್ನ ಯಾರು ನೋಡ್ಕೋತಾರೆ?" ಎಂದ ಸುಗತ.

"ಅಕ್ಕಂಗೆ ರಜ ಇರುತ್ತಲ್ಲ ಅಂತ..." ಮೋನಿಷಾ ಅಲ್ಲಿಗೇ ನಿಲ್ಲಿಸಿದಳು.

"ಓಹೋ" ಎಂದಳು ಸಂಘಮಿತ್ರಾ. "ನನ್ನ ರಜಕ್ಕೆ ಎಲ್ಲರೂ ಕೆಲಸ ಗೊತ್ತು ಮಾಡಿಟ್ಟಿದ್ದೀರ."

"ಹಂಗಲ್ಲ ಅಕ್ಕ."

"ಮತ್ತೆ ಹೆಂಗೆ? ಹುಟ್ಟುಹಬ್ಬದ ದಿನ ಕೇಕು ತಿನ್ನಿಸಿ ನನ್ನ ಮನೇಲೇ ಕೂರಿಸಿದ್ರಿ. ಈಗ ನೀನು ಬಾಗ್ಲು ಹಾಕ್ಕೊಂಡು ಕೂರ್ತೀಯ, ನಾನು ಹೊರಗೆ ನಿನ್ನ ಮಗನ್ನ ಸುಮ್ಮನಿರಿಸ್ಬೇಕು."

ಮೋನಿಷಾಳ ಮುಖ ಕೆಂಪಾಯಿತು. "ನಾನು ಐದು ವರ್ಷದಿಂದ ಈ ಒಲೆ ಮುಂದೆ ನಿಂತಿದ್ದೀನಿ. ನೀವು ಬೆಳಿಗ್ಗೆ ಸ್ಕೂಲಿಗೆ ಹೋಗ್ತೀರ, ಇವರು ಡಿಪೋಗೆ ಹೋಗ್ತಾರೆ, ಮಾವ ವಿಹಾರಕ್ಕೆ ಹೋಗ್ತಾರೆ. ನಾನು ಎಲ್ಲಿಗೆ ಹೋಗ್ತೀನಿ ಹೇಳಿ? ನೀವು ಮಸ್ಕತ್‌ಗೆ ಹೋದ್ರೆ ನಿಮ್ಮ ಪಾಲಿನ ಕೆಲಸವೂ ನನ್ನ ತಲೆ ಮೇಲೆ. ಯಾರಾದ್ರೂ ಒಬ್ಬರು ನನ್ನ ಕೇಳಿದ್ರಾ? ನಿಮಗೆ ಈ ಮನೆಯಿಂದ ಹೋಗೋಕೆ ಕೋರ್ಸು ಬೇಕು. ನಂಗೆ ಈ ಮನೇಲೇ ಒಂದು ಬಾಗ್ಲು ಹಾಕ್ಕೊಳ್ಳೋಕೆ ಬೇಕು. ಅಷ್ಟೇ."

ಸೂರ್ಯ ಅಳತೊಡಗಿದ. ಸುಗತ ಅವನನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದ.

"ಅತ್ತೆ ಕಾಲು ಇದೆಯಲ್ಲ, ಅದಕ್ಕೇನು ಮಾಡೋದು?" ಎಂದಳು ಮೋನಿಷಾ ದನಿ ತಗ್ಗಿಸಿ. "ಅವರು ನನ್ನ ಮುಟ್ಟೋಕೆ ಬಿಡಲ್ಲ."

"ಅಪ್ಪ ಮಾಡ್ಲಿ" ಎಂದಳು ಸಂಘಮಿತ್ರಾ.

ಶ್ರೀರಾಮಪ್ಪ ಮಗಳು ತಮಾಷೆ ಮಾಡುತ್ತಿದ್ದಾಳೇನೋ ಎಂದು ನೋಡಿದರು.

"ನಾನಾ?"

"ಹೂಂ. ಮನೇಲಿ ಯಾವಾಗ್ಲೂ ಇರೋರು ನೀವೇ. ನಲವತ್ತು ವರ್ಷ ಸಂಸಾರ ಮಾಡಿದ್ದೀರ. ನನಗೆ ಈ ಹೆಸರು ಇಟ್ಟೋರು ನೀವೇ ತಾನೆ? ಸಂಘಮಿತ್ರೆ ಬೋಧಿ ಸಸಿ ಹಿಡ್ಕೊಂಡು ಸಮುದ್ರ ದಾಟಿ ಹೋದಳು ಅಂತ ಚಿಕ್ಕಂದಿನಿಂದ ಎಷ್ಟು ಸಲ ಹೇಳಿದ್ದೀರ? ಅವಳಮ್ಮನ ಕಾಲು ಯಾರು ತೊಳೀತಿದ್ರು ಅಂತ ಮಾತ್ರ ಒಂದಿನಾನೂ ಹೇಳ್ಲಿಲ್ಲ."

"ಗಂಡಸ್ರ ಕೈಲಿ ಕಾಲು ಮುಟ್ಟಿಸ್ಕೊಳ್ಳಲಾ ನಾನು?" ಎಂದು ಪಿಳ್ಳಮ್ಮ ಒಳಗಿನಿಂದ ಕೂಗಿದರು. "ನನ್ನ ಕಾಲಿನ ತಂಟೆ ಯಾರಿಗೂ ಬೇಡ. ಎಲ್ಲಿಗೆ ಹೋಗ್ತೀರೋ ಹೋಗ್ರಿ. ಕೊಳೆತ್ರೆ ಕೊಳೆಯುತ್ತೆ."

ಆ ರಾತ್ರಿಯ ಉಪ್ಪುಸಾರು ಅರ್ಧಕ್ಕರ್ಧ ಪಾತ್ರೆಯಲ್ಲೇ ಉಳಿಯಿತು.

ಆದರೂ ರಜೆ ಶುರುವಾದ ಮೊದಲ ಬೆಳಿಗ್ಗೆ ಶ್ರೀರಾಮಪ್ಪನವರೇ ಬೇಸಿನ್ ಹಿಡಿದು ಬಂದರು. "ಹೇಗೆ ಅಂತ ತೋರಿಸು" ಎಂದರು. ಮಗಳು ಒಮ್ಮೆ ಮಾಡಿ ತೋರಿಸಿದಳು. ಮಾರನೆಯ ದಿನ ಅವರ ಕೈಗೆ ಹತ್ತಿ ಕೊಟ್ಟು ಪಕ್ಕದಲ್ಲಿ ಕೂತಳು. ಫಿಟ್ಟರ್ ಕೈ, ಬೇಗ ಕಲಿಯಿತು. ಪಿಳ್ಳಮ್ಮ ಗೋಡೆಯ ಕಡೆ ಮುಖ ಮಾಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಸುಗತ ಬೆಳಗಿನ ಪಾಳಿ ಹಾಕಿಸಿಕೊಂಡ. ಸಂಜೆ ಬೇಗ ಬಂದು ಮಗನನ್ನು ಪಾರ್ಕಿಗೆ ಕರೆದುಕೊಂಡು ಹೋಗುವುದು ಅವನ ಪಾಲಿಗೆ ಬಂತು. ಎಲ್ಲ ಸರಿಹೋಯಿತು ಎಂದೇ ಎಲ್ಲರೂ ಅಂದುಕೊಂಡರು.

ಕೋರ್ಸು ಶುರುವಾಯಿತು. ಸುಗತ ಬೆಳಿಗ್ಗೆ ಅಕ್ಕನನ್ನು ಬೈಕಿನಲ್ಲಿ ಬೈಯಪ್ಪನಹಳ್ಳಿ ಮೆಟ್ರೋಗೆ ಬಿಡುತ್ತಿದ್ದ. ಬೆಳಿಗ್ಗೆ ತರಗತಿ, ಮಧ್ಯಾಹ್ನ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ. ಯೆಮನ್‌ನಿಂದ ಓದಲು ಬಂದ ಇಬ್ಬರು ಹುಡುಗರು, ಗಂಡನ ಕೆಲಸಕ್ಕಾಗಿ ಬಂದ ಕೊರಿಯಾದ ಹೆಂಗಸು, ಸುಡಾನಿನ ಒಬ್ಬ ನರ್ಸು. ಹಿಂದಿನ ಸಾಲಿನಲ್ಲಿ ಸುಜಾತಾ ಬರೆದುಕೊಳ್ಳುತ್ತ ಕೂತಿರುತ್ತಿದ್ದರು. ಹತ್ತು ವರ್ಷ ಅರವತ್ತು ಮಕ್ಕಳ ಮುಂದೆ ದನಿ ಎತ್ತಿ ಪಾಠ ಮಾಡಿದ ಸಂಘಮಿತ್ರಾಳಿಗೆ ಈ ಕೆಲವೇ ಜನರ ಮುಂದೆ ಮತ್ತೆ ಮತ್ತೆ ಗಡಿಯಾರ ನೋಡುವಂತಾಗುತ್ತಿತ್ತು.

ಮನೆಗೆ ಬಂದರೆ ತಾಯಿ ಕಾಲನ್ನು ಸ್ಟೂಲಿನ ಮೇಲಿಟ್ಟು ಕಾಯುತ್ತಿದ್ದರು. ಬ್ಯಾಂಡೇಜು ಹಿಂದಿನ ದಿನದ್ದೇ.

"ಅಪ್ಪ ಮಾಡ್ಲಿಲ್ವಾ?"

"ಬಿಡ್ಲಿಲ್ಲಮ್ಮ ಅವಳು" ಎನ್ನುವರು ಶ್ರೀರಾಮಪ್ಪ. "ಬೆಳಿಗ್ಗೆ ಕರೆದ್ರೆ ಆಮೇಲೆ ಅಂತಾಳೆ. ಮಧ್ಯಾಹ್ನ ಕರೆದ್ರೆ ನಿದ್ದೆ ಅಂತಾಳೆ."

ಸಂಘಮಿತ್ರಾ ಚೂಡಿದಾರದ ತೋಳು ಮಡಿಸಿ ನೆಲದ ಮೇಲೆ ಕೂರುವಳು. ಪಿಳ್ಳಮ್ಮನಿಗೆ ಆಗ ಮಾತು ಬರುತ್ತಿತ್ತು. ಎದುರು ಮನೆಯವರು ಹೊಸ ಫ್ರಿಜ್ಜು ತಂದದ್ದು, ಹೂವಿನವಳ ಮಗಳಿಗೆ ಗಂಡು ಗೊತ್ತಾದದ್ದು, ಪಕ್ಕದ ಮನೆಯವನೊಬ್ಬ ಕುಡಿದು ಆಟೋದಿಂದ ಬಿದ್ದದ್ದು. ಕೋಣೆಯ ಕಿಟಕಿಯಿಂದ ಕಂಡದ್ದು, ಕೇಳಿಸಿದ್ದೆಲ್ಲ. ಮಗಳು ಹೂಂ ಹೂಂ ಎನ್ನುತ್ತ, ಮರುದಿನದ ಪಾಠ ಇನ್ನೂ ಬರೆದಿಲ್ಲವಲ್ಲ ಎಂದು ಯೋಚಿಸುತ್ತ ಬ್ಯಾಂಡೇಜು ಸುತ್ತುವಳು. ಪಕ್ಕದ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಮೋನಿಷಾಳ ದನಿ: ವೆರಿ ಗುಡ್! ಒನ್ಸ್ ಮೋರ್! ಚಪಾತಿ ಹಿಟ್ಟು ಕಲಸುವುದೂ ಸಂಘಮಿತ್ರಾಳ ಕೆಲಸವೇ ಆಯಿತು.

ಎರಡನೆಯ ವಾರದ ಕೊನೆಗೆ ಅವಳ ಒಂದು ಪಾಠ ಫೇಲಾಯಿತು. ಹಿಂದಿನ ರಾತ್ರಿ ಸಿದ್ಧಮಾಡಿಕೊಳ್ಳಲು ಹೊತ್ತೇ ಸಿಕ್ಕಿರಲಿಲ್ಲ. ಸುಜಾತಾ ಅವಳನ್ನು ಒಬ್ಬಳೇ ಕೂರಿಸಿಕೊಂಡು ಮಾತಾಡಿದರು.

"ನೀವು ಪ್ರಶ್ನೆ ಕೇಳ್ತೀರಿ. ಅವರು ಬಾಯಿ ತೆರೆಯೋ ಮೊದಲೇ ಉತ್ತರಾನೂ ನೀವೇ ಹೇಳಿಬಿಡ್ತೀರಿ. ಇವತ್ತು ನರ್ಸು ಮೂರು ಸಲ ಮಾತಾಡೋಕೆ ಹೊರಟ್ರು. ಮೂರು ಸಲವೂ ನೀವು ಬಿಡಲಿಲ್ಲ. ಯಾಕೆ?"

"ಅವರಿಗೆ ಕಷ್ಟ ಆಗುತ್ತಲ್ಲ ಅಂತ."

"ಆಗ್ಲಿ ಬಿಡಿ. ನಿಮಗೆ ಸುಮ್ಮನೆ ಇರೋಕೆ ಆಗಲ್ಲ. ಇನ್ನೊಂದು ಪಾಠ ಹೀಗೇ ಆದ್ರೆ ನಾನು ಪಾಸ್ ಮಾಡೋಕಾಗಲ್ಲ."

ಮೆಟ್ರೋದಲ್ಲಿ ಜಾಗ ಇರಲಿಲ್ಲ. ಬಾಗಿಲಿಗೆ ಒರಗಿ ನಿಂತೇ ಬಂದಳು. ಮನೆಯಲ್ಲಿ ತಾಯಿಯ ಕಾಲು ಸ್ಟೂಲಿನ ಮೇಲಿತ್ತು. ಸಂಘಮಿತ್ರಾ ಕೈ ತೊಳೆದುಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ತಾಯಿಯ ಎದುರು ಕೂತಳು.

"ಯಾಕೆ, ಬಿಚ್ಚಲ್ವಾ?"

"ಅಪ್ಪ ಮಾಡ್ತಾರೆ. ನಾನು ಇಲ್ಲೇ ಕೂತಿರ್ತೀನಿ."

"ಸುಸ್ತಾಗಿದ್ರೆ ಕಾಫಿ ಕುಡ್ಕೊಂಡು ಬಾ. ಕಾಯ್ತೀನಿ."

"ಸುಸ್ತಲ್ಲಮ್ಮ. ಅಪ್ಪ ಮಾಡ್ತಾರೆ."

ಪಿಳ್ಳಮ್ಮ ಕಿಟಕಿಯ ಕಡೆ ತಿರುಗಿದರು. ಮಗಳು ಅಲುಗಲಿಲ್ಲ. ಸುಗತ ಪಾರ್ಕಿನಿಂದ ಮಗನನ್ನು ಕರೆತಂದ. ಬೀದಿ ದೀಪ ಹತ್ತಿತು. ಸೂರ್ಯ ಬಂದು ಸಂಘಮಿತ್ರಾಳ ತೊಡೆಯ ಮೇಲೆ ಕೂತು, ಬೇಜಾರಾಗಿ ಇಳಿದು ಹೋದ. ಶ್ರೀರಾಮಪ್ಪ ಬೇಸಿನ್ ಹಿಡಿದು ಪರದೆಯ ಹತ್ತಿರ ಬಂದು ನಿಂತವರು, ಒಳಗೆ ಬರಲು ಹೆದರಿ ಅಲ್ಲೇ ಉಳಿದರು. ಎದ್ದು ಹೋಗಿ ಆ ಬ್ಯಾಂಡೇಜು ಬಿಚ್ಚಿಬಿಡಬೇಕು ಎಂದು ಸಂಘಮಿತ್ರಾಳ ಕೈ ತುಡಿಯುತ್ತಿತ್ತು. ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹೆಣೆದು ಕೂತಳು.

ಕೊನೆಗೆ ಪಿಳ್ಳಮ್ಮ, "ಏನ್ರೀ, ಅಲ್ಲೇ ಯಾಕೆ ನಿಂತಿದ್ದೀರ? ಬನ್ನಿ" ಎಂದರು.

ಶ್ರೀರಾಮಪ್ಪ ನೆಲದ ಮೇಲೆ ಕೂತು ಬ್ಯಾಂಡೇಜು ಬಿಚ್ಚಿದರು. ಮಗಳು ತೋರಿಸಿದ ಹಾಗೆಯೇ ತೊಳೆದರು. ಪಿಳ್ಳಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು.

"ನೋವಾಯ್ತಾ?" ಎಂದು ಗಾಬರಿಯಿಂದ ಕೇಳಿದರು ಶ್ರೀರಾಮಪ್ಪ.

"ಆ ಕಾಲಿಗೆ ನೋವೇ ಗೊತ್ತಾಗಲ್ಲ. ಡಾಕ್ಟ್ರು ಹೇಳಿದ್ದು ಮರ್ತೋಯ್ತಾ?"

"ಮತ್ತ್ಯಾಕೆ ಅಳ್ತೀಯ?"

ಪಿಳ್ಳಮ್ಮ ಮಗಳನ್ನು ನೋಡಿ ಹೇಳಿದರು. "ದಿನವೆಲ್ಲ ಈ ರೂಮಲ್ಲಿರ್ತೀನಿ. ಊಟ ಕೊಡ್ತಾರೆ, ಮಾತ್ರೆ ಕೊಡ್ತಾರೆ, ಹೋಗ್ತಾರೆ. ಯಾರಾದ್ರೂ ನನ್ನ ಹತ್ರ ಕೂರೋದು ಇದೊಂದು ಹೊತ್ತಲ್ಲಿ. ಅದಕ್ಕೇ ಕಾಯ್ತಿದ್ದೆ. ಕಾಲಿಗೋಸ್ಕರ ಅಲ್ಲ."

ಸಂಘಮಿತ್ರಾ ಕುರ್ಚಿಯನ್ನು ತಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ಮುಚ್ಚಿದ ಬಾಗಿಲ ಆಚೆ ಮೋನಿಷಾ ಮಕ್ಕಳಿಗೆ ಗುಡ್ ಬೈ ಹೇಳಿಕೊಡುತ್ತಿದ್ದಳು.

ಮರುದಿನದಿಂದ ಶ್ರೀರಾಮಪ್ಪನವರೇ ಬ್ಯಾಂಡೇಜು ಕಟ್ಟಿದರು. ಪಿಳ್ಳಮ್ಮ ತಡೆಯಲಿಲ್ಲ. ಸಂಘಮಿತ್ರಾ ಬಂದ ಮೇಲೆ ಸ್ವಲ್ಪ ಹೊತ್ತು ತಾಯಿಯ ಮಂಚದ ಮೇಲೆ ಕೂರುತ್ತಿದ್ದಳು. ಪಿಳ್ಳಮ್ಮ ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ತರಗತಿಯಲ್ಲಿ ಸಂಘಮಿತ್ರಾ ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದನ್ನು ಕಲಿತಳು. ಉತ್ತರ ನಾಲಿಗೆಯ ತುದಿಗೆ ಬರುತ್ತಿತ್ತು, ಆದರೂ ನಿಂತಳು. ಸುಡಾನಿನ ನರ್ಸು ಒಂದು ದಿನ ತನ್ನ ಊರಿನ ಬಗ್ಗೆ ಬಿಡದೆ ಮಾತಾಡಿ, ತಾನೇ ಬೆರಗಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಸಂಘಮಿತ್ರಾ ಪಾಸಾದಳು. ಜೂನ್‌ನಲ್ಲಿ ಮಸ್ಕತ್‌ನಿಂದ ವಿಡಿಯೋದಲ್ಲಿ ಸಂದರ್ಶನ ನಡೆಯಿತು. ಮೋನಿಷಾ ತನ್ನ ಕೋಣೆಯನ್ನೂ ಹೆಡ್‌ಫೋನನ್ನೂ ಬಿಟ್ಟುಕೊಟ್ಟು, ತಾನು ಹೊರಗೆ ಕೂತು ಸೂರ್ಯನ ಬಾಯಿ ಮುಚ್ಚಿಸಿದಳು. ಅವರು ಕೇಳಿದ ಮೊದಲನೆಯ ಪ್ರಶ್ನೆ ಖುರ್ಷೀದಾ ಹೇಳಿದ್ದೇ ಆಗಿತ್ತು. ವಾರದಲ್ಲಿ ಕೆಲಸದ ಪತ್ರ ಬಂತು. ಆಗಸ್ಟ್ ಕೊನೆಗೆ ಸೇರಬೇಕು, ಒಪ್ಪಿಗೆಯನ್ನು ಕೂಡಲೇ ತಿಳಿಸಬೇಕು.

ಶ್ರೀರಾಮಪ್ಪ ಓದಿ ನೋಡಿ ಕನ್ನಡಕ ಒರೆಸಿಕೊಂಡರು. "ಹೋಗಮ್ಮ. ಹೋಗ್ಬೇಡ ಅಂತ ಯಾವ ಬಾಯಲ್ಲಿ ಹೇಳಲಿ?" ಎಂದರು. ಸುಗತ, "ವರ್ಷಕ್ಕೊಂದು ಸಲ ಬರ್ತೀಯಲ್ಲ" ಎಂದ. ಮೋನಿಷಾ ಅಕ್ಕನ ಕೈ ಹಿಡಿದು ಒತ್ತಿದಳು. ಅದು ಸಂತೋಷಕ್ಕೋ, ಇನ್ನು ಮುಂದೆ ಎಲ್ಲವೂ ತನ್ನ ಮೇಲೆ ಬೀಳುತ್ತದೆ ಎನ್ನುವುದಕ್ಕೋ ಸಂಘಮಿತ್ರಾಳಿಗೆ ಗೊತ್ತಾಗಲಿಲ್ಲ. ಬಹುಶಃ ಎರಡಕ್ಕೂ.

ಊಟದ ಮೇಜಿನ ಮುಂದೆ ಕೂತು ಒಪ್ಪಿಗೆಯ ಮೇಲ್ ಕಳಿಸಿ, ಅವಳು ತಾಯಿಯ ಕೋಣೆಗೆ ಹೋದಳು.

"ಕಳಿಸ್ಬಿಟ್ಯಾ?" ಎಂದರು ಪಿಳ್ಳಮ್ಮ.

"ಹೂಂ ಅಮ್ಮ."

"ಸರಿ." ಪಿಳ್ಳಮ್ಮ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸಿದರು. "ಹೋಗು. ನಾನು ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ನಾಳೆಯಿಂದ ನೀನು ನನ್ನ ಹತ್ರ ಬಂದು ಕೂತ್ಕೋಬೇಡ."

"ಅಮ್ಮ, ಇನ್ನೂ ಎರಡು ತಿಂಗಳಿದೆ."

"ಅದಕ್ಕೇ ಹೇಳ್ತಿರೋದು. ನೀನು ಕೊನೇ ದಿನದವರೆಗೂ ಕೂತು, ಆಮೇಲೆ ಒಂದೇ ಸಲ ಎದ್ದು ಹೋದ್ರೆ ನನ್ನ ಕೈಲಿ ಆಗಲ್ಲ. ಈಗಿನಿಂದ್ಲೇ ನೀನಿಲ್ಲ ಅಂದ್ಕೊಂಡು ಇರ್ತೀನಿ. ನೀನು ಹೋಗೋ ಹೊತ್ತಿಗೆ ಸರಿಹೋಗಿರುತ್ತೆ."

ತಾಯಿ ಸಿಟ್ಟಿನಲ್ಲಿ ಹೇಳಿದರು, ಎರಡು ದಿನಕ್ಕೆ ಇಳಿಯುತ್ತದೆ ಎಂದು ಸಂಘಮಿತ್ರಾ ಅಂದುಕೊಂಡಳು. ಇಳಿಯಲಿಲ್ಲ, ಏಕೆಂದರೆ ಅದು ಸಿಟ್ಟಾಗಿರಲಿಲ್ಲ. ಪಿಳ್ಳಮ್ಮ ಊಟಕ್ಕೆ ಮೋನಿಷಾಳನ್ನು ಕೂಗಿದರು. ಮಾತ್ರೆಗೆ ಗಂಡನನ್ನು ಕೂಗಿದರು. ಮಗಳು ಒಳಗೆ ಬಂದರೆ ಗೋಡೆಯ ಕಡೆ ತಿರುಗಿ ಮಲಗಿದರು. ಸ್ಕೂಲು ಶುರುವಾಗಿತ್ತು. ಸಂಘಮಿತ್ರಾ ಸಂಜೆ ಬರುವಳು, ಹ್ಯಾಂಡ್‌ಬ್ಯಾಗು ಇಡುವಳು, ಎಲ್ಲಿ ಕೂರಬೇಕೆಂದು ತಿಳಿಯದೆ ನಡುಮನೆಯಲ್ಲಿ ನಿಲ್ಲುವಳು.

ಜುಲೈನ ಒಂದು ಸಂಜೆ ಪರದೆಯ ಆಚೆ ಶ್ರೀರಾಮಪ್ಪ ಬ್ಯಾಂಡೇಜು ಕಟ್ಟುತ್ತ, ಪೇಪರಿನಲ್ಲಿ ಬಂದ ಕಳ್ಳತನದ ಸುದ್ದಿಯನ್ನು ಹೆಂಡತಿಗೆ ಹೇಳುತ್ತಿದ್ದರು. ಪಿಳ್ಳಮ್ಮ, "ಆಮೇಲೆ? ಸಿಕ್ಕಿದ್ನಾ?" ಎಂದು ಕೇಳುತ್ತಿದ್ದರು. ಸಂಘಮಿತ್ರಾ ಎದ್ದು ಪರದೆಯವರೆಗೂ ಹೋದಳು. ಬಟ್ಟೆಗೆ ಕೈ ತಗುಲಿತು.

"ಯಾರದು?" ಎಂದರು ಪಿಳ್ಳಮ್ಮ.

"ನಾನಮ್ಮ."

ಒಳಗೆ ಮಂಚ ಕಿರುಗುಟ್ಟಿತು.

"ಮೋನಿಷಾನಾ?" ಎಂದರು ಪಿಳ್ಳಮ್ಮ.

ಮೋನಿಷಾ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪಾಠ ಮಾಡುತ್ತಿದ್ದಳು. ಅವಳ ದನಿ ಮೂವರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸಂಘಮಿತ್ರಾ ಪರದೆಯನ್ನು ಬಿಟ್ಟಳು. ಅಡುಗೆಮನೆಗೆ ಹೋಗಿ ದೀಪ ಹಾಕಿ, ರಾತ್ರಿಯ ಹಿಟ್ಟು ಕಲಸತೊಡಗಿದಳು.